ಕೆನ್ಯಾದ ಕಿವುಡರ ಸಭೆಗೆ ಮೂರು ವಾರ: ನಮ್ಮ ಸನ್ನೆ ಅಲ್ಲಿ ನಡೆಯುತ್ತದಾ?

ಉಪ್ಪಳ_ಯುವಜನ ಕೇಳಿದ್ದು:

ಎಲ್ಲರಿಗೂ ವಂದನೆ. ಕಾಸರಗೋಡಿನ ಮಂಜೇಶ್ವರ ಕಡೆಯ ನಮ್ಮ ಕ್ರೈಸ್ತ ಸಭೆಯಿಂದ ಒಂಬತ್ತು ಜನ ಬರುವ ಜನವರಿಯಲ್ಲಿ ಪಶ್ಚಿಮ ಕೆನ್ಯಾಕ್ಕೆ ಹೋಗುವುದೆಂದು ಮಾತಾಗಿದೆ. ಕರೆದದ್ದು ಅಲ್ಲಿನ ಕಿವುಡರದ್ದೇ ಒಂದು ಸಣ್ಣ ಸಭೆ. ತಂಡದಲ್ಲಿ ನಾಲ್ವರು ಕಿವುಡರು, ಐವರು ಕಿವಿ ಕೇಳುವವರು. ನಾಲ್ವರಿಗೂ ಭಾರತೀಯ ಸಂಜ್ಞಾಭಾಷೆ ಚೆನ್ನಾಗಿ ಬರುತ್ತದೆ. ಮನೆಮಾತು ತುಳು-ಕನ್ನಡವಾದರೂ ಶಾಲೆ ಕಲಿತದ್ದು ಮಲಯಾಳದಲ್ಲಿ, ಕನ್ನಡ ಬೈಬಲ್ ಓದಲಿಕ್ಕೆ ಆಗುವುದಿಲ್ಲ.

ಹಾಕಿಕೊಂಡ ಕಾರ್ಯಕ್ರಮ ಹೀಗಿದೆ. ಕಿವುಡ ಮಕ್ಕಳ ಶಾಲೆಯಲ್ಲಿ ಎರಡು ದಿನದ ಶಿಬಿರ, ಮಾರ್ಕನ ಸುವಾರ್ತೆಯಿಂದ ಐದು ಕಥೆಗಳನ್ನು ಅವರ ಸನ್ನೆಯಲ್ಲಿ ವಿಡಿಯೋ ಮಾಡುವುದು, ಇಲ್ಲಿ ಒಟ್ಟುಮಾಡಿದ ಇಪ್ಪತ್ತು ಹಳೆಯ ಶ್ರವಣಯಂತ್ರ ಕೊಡುವುದು, ಕೊನೆಯ ಸಂಜೆ ಸ್ವಸ್ಥತೆಗಾಗಿ ಪ್ರಾರ್ಥನಾ ಕೂಟ. ನಮ್ಮ ಸನ್ನೆ ಸಾಕಾ? ಕ್ಯಾಮರಾ ಎಂಥದ್ದು ಬೇಕು? ಕಾಗದಪತ್ರ ಏನೇನು?

ಸನ್ನೆಗಾರ ಬರೆದದ್ದು:

ಸಾಕಾಗುವುದಿಲ್ಲ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಬಸ್ಸಿನ ಬೋರ್ಡಿನ ಲಿಪಿ ಬದಲಾಗುತ್ತದೆ, ಕಿವುಡರ ಕೈ ಬದಲಾಗುವುದಿಲ್ಲ. ಕಾಸರಗೋಡಿನ ಸನ್ನೆ ಮಂಗಳೂರಿನಲ್ಲೂ ನಡೆಯುತ್ತದೆ, ಅಲ್ಪಸ್ವಲ್ಪ ವ್ಯತ್ಯಾಸ ಮಾತ್ರ. ಆದರೆ ಕೆನ್ಯಾದ್ದು ಬೇರೆಯೇ ಭಾಷೆ. ಅಕ್ಷರದಿಂದಲೇ ಶುರು: ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡು ಕೈಯಲ್ಲಿ ತೋರಿಸುತ್ತೇವೆ, ಸ್ವರಗಳಿಗೆ ಒಂದು ಕೈಯ ಬೆರಳ ತುದಿಗಳನ್ನು ಇನ್ನೊಂದು ಕೈಯ ತೋರುಬೆರಳಿಂದ ಮುಟ್ಟುತ್ತೇವೆ. ಅವರು ಒಂದೇ ಕೈಯಲ್ಲಿ ಮುಗಿಸುತ್ತಾರೆ. ಹೆಸರು ಹೇಳಿಕೊಳ್ಳುವಲ್ಲೇ ತಡವರಿಸಬೇಕಾದೀತು. ಕೆನ್ಯಾದ 2010ರ ಸಂವಿಧಾನ ಆ ಸನ್ನೆಯನ್ನು ಸಂಸತ್ತಿನ ಅಧಿಕೃತ ಭಾಷೆಗಳಲ್ಲಿ ಒಂದನ್ನಾಗಿ ಮಾಡಿದೆ, ಇಂಗ್ಲಿಷ್, ಕಿಸ್ವಾಹಿಲಿಯ ಸಾಲಿನಲ್ಲೇ. ಅದನ್ನು ಅವರು ಹೆಮ್ಮೆಯಿಂದ ಹೇಳುತ್ತಾರೆ. ನೀವು ಅದನ್ನು "ಸನ್ನೆ ಮಾಡುವುದು" ಎಂಬ ಮಟ್ಟಕ್ಕೆ ಇಳಿಸಿ ಮಾತಾಡಬೇಡಿ.

ಒಳ್ಳೆಯ ಸುದ್ದಿ ಏನೆಂದರೆ ನಿಮ್ಮ ನಾಲ್ವರು ಎರಡು ಮೂರು ದಿನದಲ್ಲಿ ಊಟ, ಮನೆ, ಮಕ್ಕಳು, ದಾರಿ ಇಷ್ಟರ ಮಟ್ಟಿಗೆ ಅವರೊಂದಿಗೆ ಬೆರೆಯುತ್ತಾರೆ. ಬೇರೆ ಬೇರೆ ದೇಶದ ಕಿವುಡರು ಸೇರಿದಾಗ ಮುಖಭಾವ, ಅಭಿನಯ, ಜಾಗ ತೋರಿಸುವುದರಲ್ಲೇ ಒಂದು ಹಾದಿ ಮಾಡಿಕೊಳ್ಳುತ್ತಾರೆ, ಕೇಳುವವರಿಗೆ ಅದು ಅಷ್ಟು ಬೇಗ ಒಲಿಯುವುದಿಲ್ಲ. ಆದರೆ ಕೃಪೆ, ರಕ್ಷಣೆ, ಒಡಂಬಡಿಕೆ ಇಂಥದ್ದು ಆ ಹಾದಿಯಲ್ಲಿ ದಾಟುವುದಿಲ್ಲ.

ಆರಾಧನೆಯಲ್ಲಿ ಪ್ರಸಂಗ (ಬೋಧನೆ) ಮಾಡುವ ಆಲೋಚನೆ ಇದ್ದರೆ ಸರಪಳಿ ಲೆಕ್ಕ ಹಾಕಿ. ಕನ್ನಡದಿಂದ ಇಂಗ್ಲಿಷಿಗೆ ಒಬ್ಬರು, ಇಂಗ್ಲಿಷಿನಿಂದ ಕೆನ್ಯಾದ ಸನ್ನೆಗೆ ಇನ್ನೊಬ್ಬರು, ನಿಮ್ಮ ನಾಲ್ವರಿಗೆ ಭಾರತೀಯ ಸನ್ನೆಯಲ್ಲಿ ಮತ್ತೊಬ್ಬರು. ಹತ್ತು ನಿಮಿಷದ ಮಾತು ಅರ್ಧ ಗಂಟೆ ಎಳೆಯುತ್ತದೆ, ಮಧ್ಯದಲ್ಲಿ ಒಂದು ಕೊಂಡಿ ತಪ್ಪಿದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಹೀಗೆ ಮಾತು ದಾಟಿಸುವ ಇಂಟರ್‌ಪ್ರಿಟರ್ ಒಬ್ಬರೇ ಇದ್ದರೆ ಇಪ್ಪತ್ತು ನಿಮಿಷದ ನಂತರ ಅವರ ತಲೆ ಸೋಲುತ್ತದೆ, ತಪ್ಪು ಅಲ್ಲಿಂದ ಶುರು. ಇಬ್ಬರಿರಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗಬೇಕು. ನನ್ನ ಮಾತು ಕೇಳಿದರೆ ಪ್ರಸಂಗವನ್ನೇ ಬಿಡಿ. ಅಲ್ಲಿನ ಕಿವುಡ ಹಿರಿಯರು ನಡೆಸಲಿ, ನಿಮ್ಮವರು ಮೊದಲ ಎರಡು ಆರಾಧನೆ ಸುಮ್ಮನೆ ಕೂತು ನೋಡಲಿ.

ಈಗಿನಿಂದ ವಾರಕ್ಕೆರಡು ವಿಡಿಯೋ ಕರೆ ಮಾಡಿಸಿ, ಹನ್ನೆರಡು ವಾರವಾದರೂ ಬೇಕು. ಕರೆಯಲ್ಲಿ ಕಿವುಡರು ಕಿವುಡರ ಜೊತೆ ಇರಲಿ, ಕೇಳುವವರು ಹಿಂದೆ ಕೂತು ಕಲಿಯಲಿ. ದೇವರು, ಪಾಪ, ಪ್ರಾರ್ಥನೆ ಇಂಥ ಸನ್ನೆಗಳನ್ನು ಆ ಸಭೆಯವರಿಂದಲೇ ಕಲಿಯಿರಿ. ಯೂಟ್ಯೂಬಿನಲ್ಲಿ ಸಿಗುವುದರಲ್ಲಿ ಅಮೆರಿಕದ ಸನ್ನೆಯೇ ಹೆಚ್ಚು. ಆ ಸನ್ನೆ ಆಫ್ರಿಕಕ್ಕೆ ಹೋದದ್ದಕ್ಕೂ ಒಂದು ಇತಿಹಾಸ ಇದೆ. ಆಂಡ್ರ್ಯೂ ಫಾಸ್ಟರ್ ಎಂಬ ಕಪ್ಪು ಅಮೆರಿಕನ್ ಮಿಷನರಿ 1957ರಲ್ಲಿ ಘಾನಾದ ಆಕ್ರಾದಲ್ಲಿ ಕಿವುಡರಿಗೆ ಶಾಲೆ ತೆರೆದರು, ಆಮೇಲೆ ಆಫ್ರಿಕದ ಹಲವು ದೇಶಗಳಲ್ಲಿ 30ರಷ್ಟು ಶಾಲೆಗಳಾದವು. ಹನ್ನೊಂದನೇ ವಯಸ್ಸಿಗೆ ಕಿವಿ ಹೋದ ಅವರು ಸ್ವತಃ ಕಿವುಡರು, ಅದೇ ಅವರ ದೊಡ್ಡ ಬಲ. ಆದರೆ ಜೊತೆಗೆ ಅಮೆರಿಕದ ಸನ್ನೆಯನ್ನೂ ಒಯ್ದರು, ಇವತ್ತಿಗೂ ಘಾನಾ, ನೈಜೀರಿಯಾದ ಸನ್ನೆಗಳಲ್ಲಿ ಅದರ ಗುರುತು ಎದ್ದು ಕಾಣುತ್ತದೆ. ಉಪಕಾರವೂ ಆಯಿತು, ಊರ ಸನ್ನೆಗಳು ಹಿಂದೆಯೂ ಸರಿದವು. ನೀವು ಮೂರು ವಾರಕ್ಕೆ ಹೋಗುವವರು, ಕೈಯಲ್ಲಿ ಏನೂ ಬಿತ್ತಿ ಬರಬೇಡಿ.

ಸಣ್ಣ ಸಂಗತಿಗಳಲ್ಲೇ ಹೆಚ್ಚು ಎಡವುವುದು. "ಕಣ್ಣು ಮುಚ್ಚಿ ಪ್ರಾರ್ಥಿಸೋಣ" ಎಂದರೆ ಕಿವುಡರಿಗೆ ಕೂಟ ಅಲ್ಲಿಗೆ ಮುಗಿಯಿತು. ಎಲ್ಲರೂ ಕೈ ಕೈ ಹಿಡಿದು ಪ್ರಾರ್ಥಿಸುವುದೂ ಹಾಗೆಯೇ, ಬಾಯಿ ಕಟ್ಟಿದಂತೆ. ಪರದೆಯಲ್ಲಿ ಚಿತ್ರ ಬಂದಾಗ ಸನ್ನೆ ನಿಲ್ಲಿಸಿ, ಅವರು ನೋಡಿ ಮುಗಿಸಿ ನಿಮ್ಮ ಕಡೆ ತಿರುಗುವವರೆಗೆ ಕಾಯಿರಿ. ಎರಡು ಕಡೆ ಒಟ್ಟಿಗೆ ನೋಡುವ ಕಣ್ಣು ಯಾರಿಗೂ ಇಲ್ಲ. ಬೆಂಚುಗಳನ್ನು ಸಾಲಾಗಿ ಇಡದೆ ಅರ್ಧಚಂದ್ರಾಕಾರ ಮಾಡಿ, ಮಾತಾಡುವವರ ಬೆನ್ನ ಹಿಂದೆ ಕಿಟಕಿ ಇರಬಾರದು. ಸಮಭಾಜಕದ ಹತ್ತಿರ ಸಂಜೆ ಆರೂವರೆ-ಏಳರ ಹೊತ್ತಿಗೆ ಕತ್ತಲೆ, ಕರೆಂಟ್ ಹೋದರೆ ಮಾತೂ ಹೋಯಿತು. ಚಾರ್ಜ್ ಆಗುವ ಎಲ್‌ಇಡಿ ದೀಪ ನಾಲ್ಕಾದರೂ ಇರಲಿ.

ಚಿತ್ರಕೋಣೆ ಬರೆದದ್ದು:

ಐದು ಕಥೆ ಮೂರು ವಾರದಲ್ಲಿ ಆಗುವ ಕೆಲಸ ಅಲ್ಲ. ಅಮೆರಿಕದ ಸನ್ನೆಯಲ್ಲಿ ಪೂರ್ತಿ ಬೈಬಲ್ ಮುಗಿದದ್ದು 2020ರಲ್ಲಿ, ಅದೂ ಮೂವತ್ತಕ್ಕೂ ಹೆಚ್ಚು ವರ್ಷದ ದುಡಿಮೆಯ ನಂತರ. ಒಂದು ಕಥೆ ಹಿಡಿಯಿರಿ. ಹಿಡಿಯುವ ಮೊದಲು ಕೆನ್ಯಾದ ಸನ್ನೆಯಲ್ಲಿ ಆ ಕಥೆ ಈಗಾಗಲೇ ಆಗಿದೆಯಾ ಎಂದು ಅವರನ್ನೇ ಕೇಳಿ. ಆಗಿದ್ದರೆ ಅದನ್ನೇ ಮೆಮೊರಿ ಕಾರ್ಡಿಗೆ ಹಾಕಿ ಹಂಚುವುದು ಹೆಚ್ಚು ಉಪಯೋಗದ ಕೆಲಸ.

ಆಗಿಲ್ಲದಿದ್ದರೆ ಕೆಲಸ ಹೀಗೆ ಸಾಗುತ್ತದೆ. ಬರಹವನ್ನು ಕೈಯಲ್ಲಿಟ್ಟುಕೊಂಡು ಪದಕ್ಕೆ ಪದ ಸನ್ನೆ ಹಾಕಿದರೆ ಅದು ಇಂಗ್ಲಿಷ್ ಆಗುತ್ತದೆ, ಕೆನ್ಯಾದ ಸನ್ನೆ ಆಗುವುದಿಲ್ಲ. ಅಲ್ಲಿನ ಇಬ್ಬರು ಮೂವರು ಕಿವುಡರು ಮೊದಲು ಭಾಗದ ಅರ್ಥ ಚರ್ಚಿಸಬೇಕು, ಜಾಗದ ನಕ್ಷೆ ಬರೆಯಬೇಕು, ಬರಹ ಮುಚ್ಚಿಟ್ಟು ಸನ್ನೆಯಲ್ಲಿ ಹೇಳಬೇಕು. ಅದೇ ಮೊದಲ ಕರಡು. ನಕ್ಷೆ ಯಾಕೆ ಎಂದರೆ, ಸನ್ನೆಯಲ್ಲಿ ಎಲ್ಲವನ್ನೂ ಎಲ್ಲೋ ಒಂದು ಕಡೆ ಇಡಲೇಬೇಕು. ಒಳ್ಳೆಯ ಸಮಾರ್ಯದವನ ಸಾಮ್ಯ ತೆಗೆದುಕೊಳ್ಳಿ: ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕ, ಲೇವಿಯ ನೋಡಿಯೂ ದಾಟಿ ಹೋಗುತ್ತಾರೆ, ಸಮಾರ್ಯದವನು ನಿಂತು ಸಹಾಯ ಮಾಡುತ್ತಾನೆ. ಗಾಯಗೊಂಡವನು ದಾರಿಯ ಎಡಕ್ಕೆ ಬಿದ್ದನೆಂದು ಇಟ್ಟರೆ ಯಾಜಕ, ಲೇವಿಯ ಇಬ್ಬರೂ ಬಲಕ್ಕೆ ಸರಿದು ದಾಟಬೇಕು. ಯೆರೂಸಲೇಮು ಎತ್ತರದಲ್ಲಿ, ಯೆರಿಕೋ ತಗ್ಗಿನಲ್ಲಿ, ಹಾಗಾಗಿ ಕೈ ಇಳಿಯಬೇಕು. ಬರೆಯುವವನು ಇದನ್ನೆಲ್ಲ ಯೋಚಿಸದೆ ದಾಟಿಬಿಡಬಹುದು, ಸನ್ನೆ ಮಾಡುವವನಿಗೆ ಆ ರಿಯಾಯಿತಿ ಇಲ್ಲ. ಮಧ್ಯದಲ್ಲಿ ಎಡ-ಬಲ ಅದಲುಬದಲಾದರೆ ನೋಡುವವನಿಗೆ ಸಮಾರ್ಯದವನೂ ದಾಟಿ ಹೋದಂತೆ ಕಾಣುತ್ತದೆ.

ಕರಡನ್ನು ಆ ಕಥೆ ಗೊತ್ತಿಲ್ಲದ, ಕರಡಿನ ಕೆಲಸದಲ್ಲಿ ಕೂರದ ಕಿವುಡರಿಗೆ ತೋರಿಸಿ. "ಅರ್ಥ ಆಯಿತಾ" ಎಂದು ಕೇಳಬೇಡಿ, ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಕಥೆ ತಿರುಗಿ ಹೇಳಿಸಿ. ಆಮೇಲೆ ಮೂಲ ನೋಡದ ಇಂಟರ್‌ಪ್ರಿಟರ್ ಒಬ್ಬರು ವಿಡಿಯೋ ನೋಡಿ ಇಂಗ್ಲಿಷಿಗೆ ಬರೆಯಲಿ, ಅದನ್ನು ಬೈಬಲ್ ಬಲ್ಲವರು ಮೂಲದ ಜೊತೆ ಹೋಲಿಸಲಿ. ಇದರಲ್ಲಿ ಬಿಟ್ಟುಹೋದದ್ದು, ಸೇರಿಕೊಂಡದ್ದು ಎರಡೂ ಸಿಕ್ಕಿಬೀಳುತ್ತದೆ. ನಂತರ ತಿದ್ದುಪಡಿ, ಕೊನೆಗೆ ಶೂಟಿಂಗ್. ನಿಮ್ಮ ಪಾಲು ಕ್ಯಾಮರಾ, ದೀಪ, ಚಹಾ ಇಷ್ಟೇ.

ಕ್ಯಾಮರಾ ದೊಡ್ಡದು ಬೇಡ, ಮಧ್ಯಮ ದರ್ಜೆಯ ಫೋನ್ ಮತ್ತು ಗಟ್ಟಿ ಸ್ಟ್ಯಾಂಡ್ ಸಾಕು. 1080 ಗುಣಮಟ್ಟದಲ್ಲಿ ಸೆಕೆಂಡಿಗೆ 50 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/100. ಫ್ರೇಮ್ ಕಡಿಮೆಯಾದರೆ ಬೆರಳಕ್ಷರ ಮಸುಕಾಗುತ್ತದೆ. 60ಕ್ಕೂ 1/120 ಶಟರಿಗೂ ಇಟ್ಟರೆ ಅಲ್ಲಿನ ಟ್ಯೂಬ್‌ಲೈಟ್ ಮಿಣುಕುತ್ತದೆ, ಯಾಕೆಂದರೆ ನಮ್ಮ ಹಾಗೆ ಅಲ್ಲೂ ಕರೆಂಟ್ 50 ಹರ್ಟ್ಸ್. ತಲೆಯ ಮೇಲೆ ಒಂದು ಗೇಣು ಜಾಗ ಬಿಟ್ಟು, ಕೆಳಗೆ ಸೊಂಟದವರೆಗೆ, ಪಕ್ಕಕ್ಕೆ ಮೊಣಕೈ ಚಾಚಿದರೂ ಒಳಗಿರುವಂತೆ ಹಿಡಿಯಿರಿ. ಹುಬ್ಬು, ಕೆನ್ನೆ, ತುಟಿ ಎಲ್ಲ ವ್ಯಾಕರಣ. ಪ್ರಶ್ನೆಯೋ ಹೇಳಿಕೆಯೋ ಎಂದು ಎಷ್ಟೋ ಸಲ ಹುಬ್ಬೇ ತಿಳಿಸುವುದು, ಹಾಗಾಗಿ ದೀಪ ಮುಖದ ಮೇಲೆ ಮುಂದಿನಿಂದ ಬೀಳಲಿ. ಚರ್ಮ ಕಪ್ಪಾದವರಿಗೆ ತಿಳಿ ಬಣ್ಣದ ಒಂದೇ ಬಣ್ಣದ ಅಂಗಿ, ಗೀಟು-ಹೂವಿನದ್ದು ಬೇಡ, ಉಂಗುರ-ವಾಚು ತೆಗೆದಿಡಬೇಕು. ಫೋನಿನಲ್ಲಿ ಎಕ್ಸ್‌ಪೋಷರ್ ಲಾಕ್ ಮಾಡಿ, ಇಲ್ಲದಿದ್ದರೆ ಕೈ ಮುಖದ ಮುಂದೆ ಬಂದಾಗಲೆಲ್ಲ ಬೆಳಕು ಏರಿಳಿಯುತ್ತದೆ.

50 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಮೆಗಾಬಿಟ್ ಲೆಕ್ಕದಲ್ಲಿ ತೆಗೆದರೆ ಗಂಟೆಗೆ ಸುಮಾರು 22 ಜಿಬಿ. ಎರಡು ಹಾರ್ಡ್‌ಡಿಸ್ಕ್ ಒಯ್ಯಿರಿ, ಎರಡನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಹಂಚುವ ಪ್ರತಿಗೆ 2 ಎಂಬಿಪಿಎಸ್ ಸಾಕು, ಗಂಟೆಗೆ 1 ಜಿಬಿಯ ಒಳಗೆ ಬರುತ್ತದೆ. ಪ್ಲಗ್ ಬೇರೆ ಮಾರಾಯ್ರೆ, ಬ್ರಿಟಿಷರ ಚಪ್ಪಟೆ ಮೂರು ಪಿನ್ನಿನದ್ದು, ಅಡಾಪ್ಟರ್ ಇಲ್ಲಿಂದಲೇ ತೆಗೆದುಕೊಳ್ಳಿ.

ಕಿವಿಬಟ್ಟಲು ಬರೆದದ್ದು:

ಇಪ್ಪತ್ತು ಹಳೆ ಯಂತ್ರ ಒಯ್ಯುವುದು ಬೇಡ. ಶ್ರವಣಯಂತ್ರ ಕನ್ನಡಕದಷ್ಟೂ ಸುಲಭ ಅಲ್ಲ. ಮೊದಲು ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆಯ ನಕ್ಷೆ ಬೇಕು, ಅದರ ಪ್ರಕಾರ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ಹೊಂದಿಸಬೇಕು, ಪ್ರತಿ ಕಿವಿಗೂ ಅಚ್ಚು ತೆಗೆದು ಕಿವಿಯೊಳಗೆ ಕೂರುವ ಮೋಲ್ಡ್ ಮಾಡಿಸಬೇಕು. ಬೇರೆಯವರ ಮೋಲ್ಡ್ ಹಾಕಿದರೆ ಸಡಿಲವಾಗಿ ಸದ್ದು ಹೊರಗೆ ಸೋರಿ ಕುಯ್ ಎಂದು ಶಿಳ್ಳೆ ಹೊಡೆಯುತ್ತದೆ, ಮಗು ಮೂರನೇ ದಿನ ತೆಗೆದಿಡುತ್ತದೆ. ಬೆಳೆಯುವ ಮಕ್ಕಳಿಗೆ ಕೆಲವೇ ತಿಂಗಳಲ್ಲಿ ಮೋಲ್ಡ್ ಸಣ್ಣದಾಗುತ್ತದೆ. ಯಂತ್ರದ ಶಕ್ತಿ ಹೆಚ್ಚಾಗಿ ಹೊಂದಿಸಿಟ್ಟರೆ ಉಳಿದ ಕೇಳುವಿಕೆಗೂ ಪೆಟ್ಟು. ಇನ್ನು ಬ್ಯಾಟರಿ: ಕಿತ್ತಳೆ ಸ್ಟಿಕ್ಕರಿನದ್ದು 13ನೇ ಅಳತೆ, ನೀಲಿಯದ್ದು 675. ಸ್ಟಿಕ್ಕರ್ ಕಿತ್ತ ಕ್ಷಣದಿಂದ ಗಾಳಿ ತಾಗಿ ಸವೆಯುತ್ತದೆ, ಬಳಸಿದರೂ ಬಳಸದಿದ್ದರೂ ಒಂದೆರಡು ವಾರ ಅಷ್ಟೆ. ಆ ಊರಿನಲ್ಲಿ ಅದು ಸಿಗುವುದಿಲ್ಲವಾದರೆ ಯಂತ್ರ ಪೆಟ್ಟಿಗೆ ಸೇರುತ್ತದೆ. ಆ ಹಣ ಇದ್ದರೆ ಅಲ್ಲಿನ ಆಡಿಯಾಲಜಿಸ್ಟ್ (ಶ್ರವಣತಜ್ಞ) ಯಾರನ್ನು ಶಾಲೆ ನಂಬುತ್ತದೋ ಅವರ ಮೂಲಕ ನಾಲ್ಕು ಮಕ್ಕಳಿಗೆ ಎರಡು ವರ್ಷದ ಬ್ಯಾಟರಿ-ಮೋಲ್ಡ್ ನೋಡಿಕೊಳ್ಳಿ.

ಶಿಬಿರದ ಬಗ್ಗೆ ಒಂದು ಮಾತು. ಕಿವುಡ ಮಕ್ಕಳ ಶಾಲೆಗಳು ಅಲ್ಲಿ ಹೆಚ್ಚಾಗಿ ಬೋರ್ಡಿಂಗ್. ಜನವರಿ ಶಾಲೆ ಶುರುವಾಗುವ ತಿಂಗಳು, ಮೊದಲ ವಾರ ಹೋದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಡಿಸೆಂಬರಿನಲ್ಲಾದರೆ ಮಕ್ಕಳೇ ಇಲ್ಲ. ದೊಡ್ಡವರು ಒಬ್ಬರೇ ಒಂದು ಮಗುವಿನ ಜೊತೆ ಇರುವಂತಿಲ್ಲ ಎಂಬ ನಿಯಮ ಬರೆದಿಟ್ಟುಕೊಳ್ಳಿ. ಇಬ್ಬರಲ್ಲಿ ಒಬ್ಬರಿಗಾದರೂ ಆ ಮಗುವಿನ ಸನ್ನೆ ಬರಬೇಕು, ಇಲ್ಲದಿದ್ದರೆ ಮಗುವಿಗೆ ದೂರು ಹೇಳಲು ದಾರಿಯೇ ಇಲ್ಲ. ಫೋಟೋ ಸಭೆಯ ವಾಟ್ಸಾಪಿಗೆ ಹಾಕುವುದು ಸಹ ಬೇಡ.

ಉಪ್ಪಳ_ಯುವಜನ:

ಎಲ್ಲರಿಗೂ ಧನ್ಯವಾದ. ಯಂತ್ರ ಬಿಟ್ಟೆವು, ಕಥೆ ಒಂದೇ ಎಂದು ಇಟ್ಟುಕೊಳ್ಳುತ್ತೇವೆ, ಮಾರ್ಕ 7ರ ಕಿವುಡನ ಕಥೆ. ಆದರೆ ಸ್ವಸ್ಥತೆಯ ಕೂಟ ಬೇಕೇ ಬೇಕು ಎಂದು ಹಿರಿಯರು ಹಟ ಹಿಡಿದಿದ್ದಾರೆ. ಏನು ಹೇಳುವುದು?

ಸನ್ನೆಗಾರ:

ಅದೇ ಅಧ್ಯಾಯ ತೆರೆದು 33, 34ನೇ ವಚನ ಓದಿಸಿ. ಯೇಸು ಆ ಕಿವುಡನನ್ನು ಗುಂಪಿನಿಂದ ಬೇರೆ ಕಡೆಗೆ ಕರೆದುಕೊಂಡು ಹೋದನು, ಬೆರಳನ್ನು ಕಿವಿಯಲ್ಲಿಟ್ಟನು, ನಾಲಿಗೆ ಮುಟ್ಟಿದನು, ಆಕಾಶದ ಕಡೆ ನೋಡಿದನು. ಕಿವುಡನಿಗೆ ಅರ್ಥವಾಗುವ ಹಾಗೆ ಕೈಯಲ್ಲಿ ತೋರಿಸಿ ಆಮೇಲೆ "ಎಪ್ಫಥಾ" (ತೆರೆಯಲಿ) ಎಂದದ್ದು. ವೇದಿಕೆಗೆ ಹತ್ತಿಸಿ ಮೈಕಿನಲ್ಲಿ ಕೂಗಲಿಲ್ಲ. ಕಿವುಡರು ಸಾಲಾಗಿ ನಿಂತು ತಲೆ ಮೇಲೆ ಕೈ ಇಡಿಸಿಕೊಂಡು, ಏನೂ ಆಗದೆ, "ನಂಬಿಕೆ ಕಡಿಮೆ" ಎನಿಸಿಕೊಂಡು ಹಿಂದೆ ಹೋಗುವುದು ಸುಮಾರು ದೇಶಗಳಲ್ಲಿ ಆಗಿದೆ, ಆಮೇಲೆ ಅವರು ಸಭೆಯ ಬಾಗಿಲಿಗೇ ಬರುವುದಿಲ್ಲ. ಪ್ರಾರ್ಥನೆ ಬೇಕೆಂದು ಯಾರಾದರೂ ತಾವೇ ಕೇಳಿದರೆ ಮಾಡಿ, ಯಾವುದಕ್ಕೆ ಬೇಕು ಎಂದು ಅವರನ್ನೇ ಕೇಳಿ. ಹೆಚ್ಚಿನವರು ಕೇಳುವುದು ಕೆಲಸಕ್ಕೆ, ಮದುವೆಗೆ, ಮಕ್ಕಳ ಫೀಸಿಗೆ. ಕಿವಿಗೆ ಅಲ್ಲ.

ರೋಮಾಪುರದವರಿಗೆ 10:17, "ನಂಬಿಕೆ ಕೇಳುವಿಕೆಯಿಂದ" ಎಂಬುದನ್ನು ಕೂಟದಲ್ಲಿ ಎತ್ತುವವರಿದ್ದರೆ ಮೊದಲೇ ತಡೆಯಿರಿ. ಸನ್ನೆಯಲ್ಲಿ ಅದನ್ನು ಕಿವಿ ಮುಟ್ಟಿ ತೋರಿಸಿದರೆ ಇಡೀ ಸಭೆ ಹೊರಗೆ ಉಳಿಯಿತು. ಸುದ್ದಿ ತಲುಪಿ ಮನಸ್ಸಿಗೆ ಹಿಡಿಯುವುದು ಎಂಬ ಅರ್ಥಕ್ಕೆ ಅಲ್ಲಿನವರ ಬಳಿ ಯಾವ ಸನ್ನೆ ಇದೆಯೋ ಅದನ್ನು ಬಳಸಲಿ.

ಕುಂಬಳೆ_ಕಡತ ಬರೆದದ್ದು:

ಕಾಗದಪತ್ರ ಯಾರೂ ಹೇಳಲಿಲ್ಲ. ಕೆನ್ಯಾಕ್ಕೆ ಈಗ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿ, 2024ರಿಂದ. ಅದರಲ್ಲಿ ಪ್ರವಾಸ ಎಂದು ಬರೆದು ಹೋಗಿ ಸುವಾರ್ತಾ ಸೇವೆ, ಶಾಲೆಯಲ್ಲಿ ಕಲಿಸುವುದು ಮಾಡಬೇಡಿ. ಧಾರ್ಮಿಕ-ಧರ್ಮಾರ್ಥ ಕೆಲಸದವರಿಗೆ ಅಲ್ಲಿ ಐ ವರ್ಗದ ಪರ್ಮಿಟ್ ಇದೆ, ಕಡಿಮೆ ಅವಧಿಗೆ ಸ್ಪೆಷಲ್ ಪಾಸ್. ಅರ್ಜಿ ಹಾಕಬೇಕಾದದ್ದು ಕರೆದ ಸಭೆ, ಅದು ಅಲ್ಲಿ ನೋಂದಣಿಯಾಗಿರಬೇಕು. ಇದನ್ನು ಇವತ್ತೇ ಕೇಳಿ.

ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮೊದಲಾದರೂ ಹಾಕಿಸಿ, ಸರಕಾರ ಗುರುತಿಸಿದ ಕೇಂದ್ರದಲ್ಲೇ. ಬೇರೆ ಕಡೆಯ ಕಾಗದಕ್ಕೆ ಬೆಲೆ ಇಲ್ಲ. ಒಮ್ಮೆ ಹಾಕಿದರೆ ಜೀವಮಾನಕ್ಕೆ ಸಾಕು. ಆ ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕ ಇಲ್ಲದೆ ತಿರುಗಿ ಬಂದರೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಕ್ವಾರಂಟೈನ್‌ಗೆ ಹಾಕಬಹುದು. ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಿ. ಪಶ್ಚಿಮ ಕೆನ್ಯಾ, ಅದರಲ್ಲೂ ವಿಕ್ಟೋರಿಯಾ ಸರೋವರದ ಸುತ್ತ ಮಲೇರಿಯಾ ಜೋರು. ಮಾತ್ರೆ ಹೊರಡುವ ಮೊದಲೇ ಶುರು ಮಾಡಬೇಕು, ಬಂದ ಮೇಲೂ ಮುಂದುವರಿಸಬೇಕು.

ಹಣ ಕಳಿಸುವುದಾದರೆ ಸಭೆಯ ಟ್ರಸ್ಟಿನ ಖಾತೆಯಿಂದ ಕಳಿಸಬೇಡಿ. ಮೊದಲೇ ಅನುಮತಿ ಇಲ್ಲದೆ ಹೊರದೇಶದಲ್ಲಿ ಖರ್ಚಾದ ಹಣಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಒಬ್ಬೊಬ್ಬರು ತಮ್ಮ ಖಾತೆಯಿಂದ ಬ್ಯಾಂಕಿನ ಎಲ್‌ಆರ್‌ಎಸ್ (ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳಿಸುವ ಯೋಜನೆ) ದಾರಿಯಲ್ಲಿ ಕಳಿಸಬಹುದು.

ವಿಮಾನ ನಿಲ್ದಾಣದಲ್ಲಿ ಗೇಟ್ ಬದಲಾದದ್ದನ್ನು ಮೈಕಿನಲ್ಲಿ ಹೇಳುತ್ತಾರೆ. ನಿಮ್ಮ ನಾಲ್ವರಲ್ಲಿ ಪ್ರತಿಯೊಬ್ಬರ ಫೋನಿನಲ್ಲೂ ಏರ್‌ಲೈನ್‌ನ ಆ್ಯಪ್ ಇರಲಿ, ಟಿಕೆಟ್ ಮಾಡುವಾಗಲೇ ಕಿವುಡರು ಎಂದು ನಮೂದಿಸಿ. ಹಾಗೆ ನಮೂದಿಸಿದರೆ ಕೆಲವು ಕಡೆ ವ್ಹೀಲ್‌ಚೇರ್ ತಂದು ನಿಲ್ಲಿಸುತ್ತಾರೆ, ನಗಾಡಿ ವಾಪಸ್ ಕಳಿಸಿ.