ಅಪ್‌ಡೇಟ್: ಪಾವಗಡದ ನೀರಿನ ಘಟಕಗಳಿಗೆ ದುಡ್ಡು ಕೊಡಬಹುದಾ ಅಂತ ಕೇಳಿದ್ದೆನಲ್ಲ

ಹಲ್ಲು, ಮೂಳೆ ಹಾಳು ಮಾಡುವಷ್ಟು ಫ್ಲೋರೈಡ್ ಇರುವ ನೀರಿಗೆ ಆರ್‌ಒ (ನೀರು ಶುದ್ಧ ಮಾಡುವ) ಘಟಕ ಹಾಕಿಸುವ ಒಂದು ಸಂಸ್ಥೆಯನ್ನು ನಂಬಬಹುದಾ ಅಂತ ಹೋದ ವಾರ ಕೇಳಿದ್ದೆ. ಹೆಸರು ಬೇಡ.

ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ಸರ್ಕಾರಿ ವೆಬ್‌ಸೈಟ್ ಎನ್‌ಜಿಒ ದರ್ಪಣ್‌ನಲ್ಲಿ ನೋಡಿ ಅಂದಿದ್ದಿರಿ. ನೋಡಿದೆ, ನೋಂದಣಿ ಇದೆ, ಅಷ್ಟೇ. ಆಡಿಟ್ ವರದಿಯೂ ಅಚ್ಚುಕಟ್ಟು, ಆಡಳಿತ ವೆಚ್ಚ ತೀರಾ ಕಡಿಮೆ. ಆದರೆ ಘಟಕದ ಮೆಂಬ್ರೇನ್ (ನೀರು ಸೋಸುವ ಪೊರೆ) ಬದಲಿಸೋದಕ್ಕೆ, ರಿಪೇರಿಯವನ ಸಂಬಳಕ್ಕೆ ಒಂದು ರೂಪಾಯಿಯೂ ಇಟ್ಟಿಲ್ಲ, ವೆಚ್ಚ ಕಡಿಮೆ ಇರದೆ ಇನ್ನೇನು!

ಕೆಲಸಕ್ಕೆ ಬಂದಿದ್ದು "ಹಾಕಿಸಿದ್ದು ಎಷ್ಟು ಅಂತ ಕೇಳಬೇಡಿ, ಇವತ್ತು ಓಡ್ತಿರೋದು ಎಷ್ಟು, ಕರೆಂಟ್ ಬಿಲ್ ಯಾರು ಕಟ್ತಾರೆ ಅಂತ ಕೇಳಿ" ಅಂದವರ ಸಲಹೆ. ಹಾಗೇ ಕೇಳಿದ್ದಕ್ಕೆ ಸಂಸ್ಥೆಯವರು ಉತ್ತರವಾಗಿ ಉದ್ಘಾಟನೆಯ ಫೋಟೋ ಕಳಿಸಿದರು. ಸರಿ ಅಂತ ನಾವೇ ಒಂದು ಹಳ್ಳಿಗೆ ಹೋದೆವು. ಘಟಕ ನಿಂತಿತ್ತು, ನಾಣ್ಯ ಹಾಕುವ ಕಿಂಡಿಗೆ ಟೇಪ್ ಅಂಟಿಸಿದ್ದರು, ಜನ ಮತ್ತೆ ಬೋರ್‌ವೆಲ್ ನೀರಿಗೇ ಬಂದಿದ್ದಾರೆ. ಪಂಚಾಯಿತಿಯ ಟೆಸ್ಟ್ ಕಿಟ್‌ನಲ್ಲಿ ಅಲ್ಲಿನ ಅಕ್ಕ ಒಬ್ಬರು ಆ ನೀರು ನೋಡಿ ತೋರಿಸಿದರು, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಗಿಂತ ಜಾಸ್ತಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ ಅನ್ನೋದು ನನಗೆ ಹೊಸದು, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತಂತೆ.

ಹೊಸ ಘಟಕಕ್ಕೆ ಕೊಡಲಿಲ್ಲ. ಹಳೇದರ ರಿಪೇರಿಗೆ ಮಾತ್ರ ಕೊಡ್ತೀವಿ, ತಿಂಗಳಿಗೊಮ್ಮೆ ನೀರಿನ ಟೆಸ್ಟ್ ವರದಿ ಬೇಕು ಅಂದಿದ್ದೀವಿ, ಒಪ್ಪಿದ್ದಾರೆ. ಮೊದಲ ಕಂತು ಹೋಗಿದೆ. ಅಂದ ಹಾಗೆ, ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಬೇಕಿದ್ದವರು ಸಂಸ್ಥೆಯಿಂದ ದೇಣಿಗೆ ಸರ್ಟಿಫಿಕೇಟ್ ಕೇಳಿ ತಗೊಳ್ಳಿ, ಬರೀ ರಸೀದಿ ಸಾಲದು.