ಕಾಫಿ ಪುಡಿ ಪೊಟ್ಟಣಕ್ಕೆ ಯಾವ ಬಣ್ಣ? ಮಾಡಿ ನೋಡಿದವರು ಹೇಳಿ

ಆಲ್ದೂರಿನ ಸೊಸೆ:
ಆಲ್ದೂರಿನ ಹತ್ತಿರ ನಮ್ಮದು ಆರು ಎಕರೆ ಅರೇಬಿಕಾ ತೋಟ. ನಾನು ಮತ್ತು ನನ್ನ ಓರಗಿತ್ತಿ ಮನೆಯಲ್ಲೇ ಹುರಿದು ಪುಡಿ ಮಾಡಿ, ಕಾಲು ಕೆಜಿ ಪೊಟ್ಟಣದಲ್ಲಿ ಮಾರಬೇಕೆಂದಿದ್ದೇವೆ. ಲೋಗೊ ಸಿದ್ಧವಾಗಿದೆ. ಬಣ್ಣಕ್ಕೆ ಮೂರು ಜೋಡಿ ಕೊಟ್ಟಿದ್ದಾರೆ: ಕಂದು-ಚಿನ್ನ, ಕಡುಹಸಿರು-ಕೆನೆ, ಕಾಫಿ ಹಣ್ಣಿನ ಕೆಂಪು-ಬಿಳಿ. ಶುಕ್ರವಾರ ಮುದ್ರಣಕ್ಕೆ ಒಪ್ಪಿಗೆ ಹೇಳಬೇಕು. ಅನುಭವ ಇದ್ದವರು ತಿಳಿಸಿ.

ಮೂಡಿಗೆರೆ ಬೆಳೆಗಾರ:
ಕಂದು-ಚಿನ್ನದ ಹೆಸರೆತ್ತಬೇಡಿ ತಂಗಿ, ನನ್ನ ಹೊಟ್ಟೆ ಇನ್ನೂ ಉರಿಯುತ್ತಿದೆ. ಡಿಸೈನ್ ಮಾಡಿದವರು 18,000 ತೆಗೆದುಕೊಂಡು ಮೊಬೈಲಿಗೆ ಚಿತ್ರ ಕಳಿಸಿದರು. ಚಿನ್ನ ಹೇಗೆ ಮಿಂಚುತ್ತಿತ್ತೆಂದರೆ ನನ್ನಾಕೆಯ ಅವಲಕ್ಕಿ ಸರವೇ ನೆನಪಾಯಿತು. ಪೊಟ್ಟಣ ಬಂದಾಗ ನೋಡಿದರೆ ಮೂರು ದಿನದ ಹಳೆಯ ಸಾಸಿವೆ ಗೊಜ್ಜಿನ ಬಣ್ಣ! ಮಿಂಚುವ ಶಾಯಿಯನ್ನೇ ಹಾಕದೆ, ಬರೀ ಹಳದಿ-ಕಂದು ಬೆರೆಸಿದರೆ ಅದು ಚಿನ್ನವಾಗುವುದಿಲ್ಲ ಎಂದು ಆಮೇಲೆ ತಿಳಿಯಿತು.

ಲೆಕ್ಕ ಕೇಳಿ. ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್, ಅಂದರೆ ಚಿತ್ರ ಕೆತ್ತಿದ ಮುದ್ರಣದ ಉರುಳೆ. ಮುದ್ರಣದ ನಾಲ್ಕು ಮೂಲ ಬಣ್ಣಕ್ಕೆ ನಾಲ್ಕು, ಲೋಗೊದ ಕಂದಿಗೆ ಪ್ರತ್ಯೇಕವಾಗಿ ಒಂದು. ಪೊಟ್ಟಣದ ಬೆಳ್ಳಿ ಬಣ್ಣದ ಹಾಳೆಯ ಮೇಲೆ ನೇರ ಮುದ್ರಿಸಿದರೆ ಬಣ್ಣ ಮಂಕಾಗುತ್ತದೆಂದು ಅಡಿಗೆ ಬಿಳಿ ಬೇಕು, ಅದಕ್ಕೊಂದು. ಆರು ಸಿಲಿಂಡರ್, ಒಂದಕ್ಕೆ 6,800, ಒಟ್ಟು 40,800. ತೆರಿಗೆ ಬೇರೆ, ಲಾರಿ ಬಾಡಿಗೆ ಬೇರೆ. 11,000 ಪೊಟ್ಟಣಕ್ಕಿಂತ ಕಡಿಮೆ ಮಾಡುವುದಿಲ್ಲ ಎಂದರು, ಮಾಡಿಸಿದೆ. ಹದಿನಾಲ್ಕು ತಿಂಗಳಲ್ಲಿ ಖರ್ಚಾಗಿದ್ದು 2,300. ಉಳಿದ 8,700 ಅಟ್ಟದ ಮೇಲಿವೆ. ಒಂದು ಮೂಲೆಯನ್ನು ಇಲಿ ತಿಂದಿತು, ಇನ್ನೊಂದು ಮೂಲೆಯಲ್ಲಿದ್ದವುಗಳಲ್ಲಿ ಕಾಳುಮೆಣಸು ತುಂಬಿ ನೆಂಟರಿಗೆ ಕೊಡುತ್ತಿದ್ದೇವೆ. ಈಗ ನನ್ನದು ಖಾಕಿ ಬಣ್ಣದ ಬರಿ ಪೊಟ್ಟಣ, ಮೇಲೊಂದು ಎರಡು ಬಣ್ಣದ ಸ್ಟಿಕ್ಕರ್. ಯಾರಿಗೂ ತಲೆಬಾಗುವ ಅಗತ್ಯವಿಲ್ಲ.

ಹಾಸನದ ಮುದ್ರಕ:
ಇಪ್ಪತ್ತೆರಡು ವರ್ಷದಿಂದ ಇದೇ ಬೈಗುಳ ಕೇಳುತ್ತಿದ್ದೇನೆ. ಮೊಬೈಲಿನಲ್ಲಿ ಬಣ್ಣ ಹುಟ್ಟುವುದು ಬೆಳಕಿನಿಂದ, ನಮ್ಮಲ್ಲಿ ಶಾಯಿಯಿಂದ. ಎರಡೂ ಒಂದೇ ಆಗಿರಬೇಕೆಂದು ಹಟ ಹಿಡಿದರೆ ನಾವೇನು ಮಾಡುವುದು ಸಾರ್? ಒಮ್ಮೆ ಒಂದು ಬಟ್ಟೆ ಅಂಗಡಿಯವರು ಗಿಣಿ ಹಸಿರು ಕೇಳಿದರು. ನೀಲಿ-ಹಳದಿ ಶಾಯಿ ಸೇರಿಸಿ ಎಷ್ಟು ತಿಣುಕಿದರೂ ಬಾಡಿದ ಬಾಳೆ ಎಲೆಯ ಹಸಿರೇ ಬಂತು. 5,000 ಕೈಚೀಲ ವಾಪಸ್, 14,000 ರೂಪಾಯಿ ನನ್ನ ತಲೆಗೆ. ಅಂದಿನಿಂದ ಪ್ಯಾಂಟೋನ್ ಪುಸ್ತಕ, ಅಂದರೆ ಪ್ರತಿ ಬಣ್ಣಕ್ಕೂ ಸಂಖ್ಯೆ ಇರುವ ಮಾದರಿ ಪುಸ್ತಕ ತೆರೆದು, ಬಣ್ಣಕ್ಕೆ ಬೆರಳಿಟ್ಟು ತೋರಿಸಿ, ಸಂಖ್ಯೆ ಬರೆದು ಸಹಿ ಹಾಕುವವರೆಗೆ ಯಂತ್ರ ಮುಟ್ಟುವುದಿಲ್ಲ. ಸಂಖ್ಯೆಯ ಕೊನೆಗೆ ಸಿ ಇದ್ದರೆ ನುಣುಪು ಲೇಪನದ ಕಾಗದ, ಯು ಇದ್ದರೆ ಲೇಪನವಿಲ್ಲದ್ದು. ಅದೇ ಶಾಯಿ ಎರಡರಲ್ಲೂ ಬೇರೆಬೇರೆಯಾಗಿ ಕಾಣುತ್ತದೆ. ಅಮೆರಿಕದ ಆಭರಣದ ಟಿಫನಿ ಕಂಪನಿಯವರು ತಮ್ಮ ನೀಲಿಗೆ ಕಂಪನಿ ಶುರುವಾದ 1837ನ್ನೇ ಸಂಖ್ಯೆಯಾಗಿ ಇಟ್ಟುಕೊಂಡಿದ್ದಾರೆ. ನಮ್ಮ ಗಿರಾಕಿಗಳು 'ಸ್ವಲ್ಪ ಗಾಢ ಮಾಡಿ' ಎಂದು ಫೋನಿನಲ್ಲಿ ಹೇಳುತ್ತಾರೆ. ಗೊಜ್ಜು ಮಾಡಿಕೊಂಡಿದ್ದು ಮೂಡಿಗೆರೆಯವರೇ, ಮುದ್ರಕರಲ್ಲ.

ಮೂಡಿಗೆರೆ ಬೆಳೆಗಾರ:
ಮಾದರಿ ತೋರಿಸಿ ಎಂದು ಮೂರು ಸಲ ಕೇಳಿದೆ. 'ಸಿಲಿಂಡರ್ ಆದ ಮೇಲೆಯೇ' ಎಂದವರು ನಿಮ್ಮ ಕಸುಬಿನವರೇ ಸ್ವಾಮಿ. ಸಹಿ ಎಲ್ಲಿ ಹಾಕಲಿ, ಗಾಳಿಯ ಮೇಲೆಯೇ?

ಸಕಲೇಶಪುರ ಹೋಂಸ್ಟೇ:
ಪೊಟ್ಟಣದ ಜಗಳ ಹಾಗಿರಲಿ. ಕಡುಹಸಿರು-ಕೆನೆ ಆರಿಸಿಕೊಂಡವಳು ನಾನು, ಕೇಳಿ. ಮಲೆನಾಡು ಎಂದ ಮೇಲೆ ಹಸಿರೇ ಎಂದು ಲೋಗೊ, ಗೋಡೆ, ರಸ್ತೆಯಂಚಿನ ಫಲಕ ಎಲ್ಲವನ್ನೂ ಹಸಿರು ಮಾಡಿಸಿದೆ. ಫಲಕಕ್ಕೇ 9,200. ಜುಲೈ ಮಳೆಯಲ್ಲಿ ಹಿಂದೆ ಹಸಿರು ಬೇಲಿ, ಮುಂದೆ ಹಸಿರು ಫಲಕ, ನಡುವೆ ಮಂಜು. ಬೆಂಗಳೂರಿನಿಂದ ಬಂದ ಕಾರಿನವರು ಗೇಟಿನ ಮುಂದೆಯೇ ಎರಡು ಸಲ ಹಾದುಹೋಗಿ, 'ಮನೆ ಎಲ್ಲಿದೆ ಮೇಡಂ' ಎಂದು ಫೋನ್ ಮಾಡಿದರು. ನಾನು ಕೊಡೆ ಹಿಡಿದು ರಸ್ತೆಯಲ್ಲಿ ನಿಂತಿದ್ದೆ! ಎರಡನೆಯ ಬೇಸಿಗೆಗೆ ಫಲಕದ ಹಳದಿ ಅಂಶ ಬಿಸಿಲಿಗೆ ಹಾರಿಹೋಗಿ ಹಸಿರು ನೀಲಿಗೆ ತಿರುಗಿತು. ಈಗ ಅರಿಶಿನ ಹಳದಿಯ ಮೇಲೆ ಕಪ್ಪು. ಅದು ಹಾರದಂತೆ ಫ್ಲೆಕ್ಸ್ ಬಿಟ್ಟು, ತಗಡಿನ ಮೇಲೆ ಪೇಂಟರ್ ಕೈಯಲ್ಲೇ ಎನಾಮಲ್ ಬಣ್ಣದಲ್ಲಿ ಬರೆಸಿದ್ದೇನೆ. ನೂರು ಮಾರು ದೂರಕ್ಕೂ ಕಾಣುತ್ತದೆ.

ಹಾಸನದ ಮುದ್ರಕ:
ಹೆದ್ದಾರಿಯ ಕಾಮಗಾರಿ ಫಲಕದ ಹಾಗೆ.

ಸಕಲೇಶಪುರ ಹೋಂಸ್ಟೇ:
ಬಂದ ಅತಿಥಿಗಳು ದುಡ್ಡು ಕೊಟ್ಟೇ ಹೋಗುತ್ತಾರೆ, ನಿಮಗೆ ಯಾಕೆ ಕಷ್ಟ?

ಕೊಪ್ಪದ ಮೇಷ್ಟರು:
ಎಲ್ಲರೂ ಬಣ್ಣವನ್ನೇ ಹಿಡಿದಿದ್ದೀರಿ, ಅಕ್ಷರ ನೋಡುವವರಿಲ್ಲ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಚೀಲ ಮಾಡಿಸಿದೆವು. ಕಂದು ನೆಲದಲ್ಲಿ ಸಣ್ಣ ಬಿಳಿ ಕನ್ನಡ ಅಕ್ಷರ. ಆ ಕಂದು ನಾಲ್ಕು ಶಾಯಿ ಸೇರಿ ಆಗುವಂಥದ್ದು. ಒಂದು ಶಾಯಿ ಕೂದಲೆಳೆಯಷ್ಟು ಜರುಗಿತು, ಒತ್ತಕ್ಷರಗಳ ಹೊಟ್ಟೆಯೆಲ್ಲ ತುಂಬಿಹೋಯಿತು. 'ಚಿಕ್ಕಮಗಳೂರು' ಎಂಬುದರಲ್ಲಿ ಕಾವತ್ತೇ ಮಾಯವಾಗಿ 'ಚಿಕಮಗಳೂರು' ಎಂದು ಓದಿಸಿಕೊಂಡಿತು. 600 ಚೀಲ. ಇಂಗ್ಲಿಷ್ ಅಕ್ಷರಕ್ಕೆ ಏನೂ ಆಗಿರಲಿಲ್ಲ, ಅದಕ್ಕೆ ಒತ್ತೂ ಇಲ್ಲ, ಗುಡಿಸೂ ಇಲ್ಲ. ಒಂದೇ ಶಾಯಿಯ ನೆಲ, ದಪ್ಪ ಅಕ್ಷರ, ಅಷ್ಟೇ. ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯಿಂದ ಶೇ. 60 ಕನ್ನಡ ಕಡ್ಡಾಯ, ಅದನ್ನೂ ಮರೆಯಬೇಡಿ.

ಹಾಸನದ ಮುದ್ರಕ:
ಅದು ಅಂಗಡಿಯ ನಾಮಫಲಕಕ್ಕೆ ಮೇಷ್ಟರೇ, ಪೊಟ್ಟಣಕ್ಕಲ್ಲ.

ಕೊಪ್ಪದ ಮೇಷ್ಟರು:
ಪೊಟ್ಟಣಕ್ಕೆ ಆ ಶೇ. 60 ಇಲ್ಲದಿದ್ದರೆ ಕನ್ನಡ ಬೇಡವೇ? ಇಂಥವರಿಂದಲೇ ನಮ್ಮ ಭಾಷೆಗೆ ಈ ಗತಿ.

ಅರಸೀಕೆರೆ ಕೊಬ್ಬರಿ ಎಣ್ಣೆ:
ಬಣ್ಣ ಯಾವುದಾದರೂ ಇರಲಿ, ಟ್ರೇಡ್‌ಮಾರ್ಕ್ ಅರ್ಜಿಯನ್ನು ಮಾತ್ರ ಕಪ್ಪು-ಬಿಳುಪಿನಲ್ಲೇ ಹಾಕಿ. 1999ರ ಕಾಯ್ದೆಯ 10ನೆಯ ಸೆಕ್ಷನ್ ಪ್ರಕಾರ, ಬಣ್ಣದ ಮಿತಿ ಹೇಳದೆ ನೋಂದಾಯಿಸಿದರೆ ಎಲ್ಲ ಬಣ್ಣಕ್ಕೂ ಅದೇ ಅನ್ವಯ. ನನ್ನ ಏಜೆಂಟ್ ಇದನ್ನು ಹೇಳಲೇ ಇಲ್ಲ. ನೀಲಿ-ಬಿಳಿ ಎಂದು ಬಣ್ಣ ಸಮೇತ ಹಾಕಿಸಿದರು. ಮರುವರ್ಷ ನೀಲಿ ಡಬ್ಬ ನೋಡಿದವರು ಫಿನಾಯಿಲ್ ಎಂದರು, ಕೆಂಪಿಗೆ ಬದಲಾಯಿಸಿದೆ, ಮತ್ತೆ ಹೊಸ ಅರ್ಜಿ. ಸಣ್ಣ ಉದ್ದಿಮೆಗೆ ಆನ್‌ಲೈನ್ ಶುಲ್ಕ ಸರಕಿನ ಒಂದು ವರ್ಗಕ್ಕೆ 4,500, ಎರಡು ಸಲ 9,000, ಏಜೆಂಟರ ಕೈಗೆ ಬೇರೆ 7,000. ಕಾಫಿ 30ನೆಯ ವರ್ಗಕ್ಕೆ ಬರುತ್ತದೆ.

ಕೊಪ್ಪದ ಮೇಷ್ಟರು:
ಮೂಡಿಗೆರೆಯವರ ಸ್ಟಿಕ್ಕರ್ ಪೊಟ್ಟಣ ನಮ್ಮ ಊರಿನ ಅಂಗಡಿಯಲ್ಲಿ ನೋಡಿದ್ದೇನೆ. 'ತೋಟದ ಶುದ್ಧ ಕಾಫಿ' ಎಂದು ಹಸಿರಿನಲ್ಲಿ ಅಷ್ಟು ದೊಡ್ಡದಾಗಿ ಬರೆದು, ಬೆರೆಸಿದ ಚಿಕೋರಿ ಬೇರಿನ ಪುಡಿಯ ಪ್ರಮಾಣವನ್ನು ಬೂದು ಬಣ್ಣದಲ್ಲಿ ಇರುವೆಯಷ್ಟು ಬರೆದಿದ್ದೀರಲ್ಲ, ಅದು ಯಾವ ಬಣ್ಣದ ಜಾಣತನ?

ಮೂಡಿಗೆರೆ ಬೆಳೆಗಾರ:
ಬರೆದಿದ್ದೇನಲ್ಲ, ಅದನ್ನು ಹೇಳಿ! ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಬಾರದು ಎನ್ನುತ್ತದೆ ಕಾನೂನು, ನನ್ನದರಲ್ಲಿ ಶೇ. 80 ಇದೆ. ಚಿಕೋರಿ ಇಲ್ಲದಿದ್ದರೆ ಡಿಕಾಕ್ಷನ್ ಗಟ್ಟಿ ಬರುವುದಿಲ್ಲ ಎಂದು ದೂರುವವರೂ ನೀವೇ.

ಸಕಲೇಶಪುರ ಹೋಂಸ್ಟೇ:
ಒಳ್ಳೆಯ ಅರೇಬಿಕಾಕ್ಕೆ ಚಿಕೋರಿ ಹಾಕುವುದೆಂದರೆ ರೇಷ್ಮೆ ಸೀರೆಗೆ ಗೋಣಿ ತೇಪೆ.

ಮೂಡಿಗೆರೆ ಬೆಳೆಗಾರ:
ನಿಮ್ಮ ಅತಿಥಿಗಳಿಗೆ ಕೊಡುವುದು ಇನ್‌ಸ್ಟಂಟ್ ಎಂದು ಕೇಳಿದ್ದೇನೆ.

ಆಲ್ದೂರಿನ ಸೊಸೆ:
ಎಲ್ಲರಿಗೂ ಧನ್ಯವಾದ. ನಿನ್ನೆ ಮೂರೂ ಮಾದರಿಗಳನ್ನು ಕಾಗದದ ಮೇಲೆ ಮುದ್ರಿಸಿ ಪೊಟ್ಟಣಕ್ಕೆ ಅಂಟಿಸಿ, ಅಡುಗೆಮನೆಯ ಶೆಲ್ಫಿನಲ್ಲಿ ಬೇರೆ ಕಂಪನಿಗಳ ಪುಡಿಗಳ ನಡುವೆ ಇಟ್ಟೆವು. ಕನ್ನಡಕ ಹಾಕದ ಅತ್ತೆಯವರು ಬಾಗಿಲಲ್ಲೇ ನಿಂತು ಕೆಂಪನ್ನು ತೋರಿಸಿ, 'ಇದು ಯಾರದು?' ಎಂದರು. ಉಳಿದ ಎರಡು ಅವರ ಕಣ್ಣಿಗೆ ಬೀಳಲೇ ಇಲ್ಲ. ಓರಗಿತ್ತಿಗೆ ಮಾತ್ರ ಕೆಂಪು ಮೆಣಸಿನಪುಡಿಯ ಹಾಗೆ ಕಾಣುತ್ತದಂತೆ. ಕೆಂಪು ಪೊಟ್ಟಣದಲ್ಲಿ ಕಾಫಿ ಮಾರಿದವರು ಯಾರಾದರೂ ಇದ್ದೀರಾ? ನಾಳೆಯೇ ಶುಕ್ರವಾರ.

ಕೊಪ್ಪದ ಮೇಷ್ಟರು:
ಅದಿರಲಿ ತಾಯಿ, ನಿಮ್ಮದರಲ್ಲಿ ಚಿಕೋರಿ ಎಷ್ಟು?