ಅಪ್‌ಡೇಟ್: ಟ್ಯಾಲಿ, ಜೋಹೊ, ಬ್ಯುಸಿ – ಕೊನೆಗೆ ಯಾವುದು ತಗೊಂಡೆವು

ನಮ್ಮ ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯ ಬಿಲ್ಲು, ಲೆಕ್ಕಪತ್ರದ ಸಾಫ್ಟ್‌ವೇರ್ ಆಗಿ ಈಗಿರುವ ಟ್ಯಾಲಿಯನ್ನೇ ಇಟ್ಟುಕೊಳ್ಳಬೇಕೋ, ಜೋಹೊ ಬುಕ್ಸ್ ಅಥವಾ ಬ್ಯುಸಿಗೆ ಹೋಗಬೇಕೋ ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಬ್ಯುಸಿ ಸ್ಟಾಕ್ ವಿಷಯದಲ್ಲಿ ಗಟ್ಟಿ. 2022ರಲ್ಲಿ ಅದು ಇಂಡಿಯಾಮಾರ್ಟ್ ಕಂಪನಿಯ ಕೈಸೇರಿದೆ. ಆದರೆ ಅದನ್ನು ಬಲ್ಲ ಅಕೌಂಟೆಂಟ್ ನಮಗೆ ಸಿಗಲಿಲ್ಲ.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಚೆನ್ನೈನ ಜೋಹೊ ಪೂರ್ತಿ ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕವೇ ನಡೆಯುತ್ತದೆ. ಗಿರಾಕಿ ಎದುರೇ ಮೊಬೈಲಲ್ಲಿ ಇನ್‌ವಾಯ್ಸ್ ಮಾಡಿ ಕಳಿಸಬಹುದು. ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವುದಂತೂ ಬಲು ಸುಲಭ. ಆದರೆ ಸಂಜೆ ರಶ್ ಹೊತ್ತಲ್ಲಿ ಟ್ಯಾಲಿ ಇರುವ ನಮ್ಮ ಕೌಂಟರ್ ನೋಡಬೇಕು. ಹುಡುಗ ಮಾರಾಟದ ಬಿಲ್ ತೆರೆಯುವ ಎಫ್8 ಕೀ ಒತ್ತುತ್ತಾನೆ, ಪಾರ್ಟಿ ಹೆಸರಿನ ಎರಡಕ್ಷರ, ಐಟಂ, ಎಂಟರ್, ಎಂಟರ್, ಬಿಲ್ ರೆಡಿ. ಮೌಸ್ ಮುಟ್ಟುವುದೇ ಇಲ್ಲ! ಇಂಟರ್ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಡೇಟಾ ನಮ್ಮ ಕಂಪ್ಯೂಟರಲ್ಲೇ ಇರುತ್ತದೆ. ಬೆಂಗಳೂರಿನ ಟ್ಯಾಲಿ ಕಂಪನಿ 1986ರಿಂದ ಅಂಗಡಿಯವರ ಕೈಬೆರಳನ್ನು ಚೆನ್ನಾಗಿ ಅರಿತಿದೆ ಅನಿಸುತ್ತದೆ.

ನಮ್ಮದು ಪ್ರೈವೇಟ್ ಲಿಮಿಟೆಡ್, ಹಾಗಾಗಿ 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ ಕಡ್ಡಾಯ. ಯಾವ ಎಂಟ್ರಿಯನ್ನು ಯಾವಾಗ ತಿದ್ದಿದರು ಅನ್ನುವ ದಾಖಲೆ ಉಳಿಯಬೇಕು, ಅದನ್ನು ಆಫ್ ಮಾಡಲು ಬರಬಾರದು. ಟ್ಯಾಲಿಯಲ್ಲಿ ಟ್ಯಾಲಿಪ್ರೈಮ್ ಎಡಿಟ್ ಲಾಗ್ ಅನ್ನುವ ಆವೃತ್ತಿ ಇದಕ್ಕೆಂದೇ ಇದೆ. ಜೋಹೊದಲ್ಲೂ ಈ ಸೌಲಭ್ಯ ಇದೆ, ಸುಮ್ನೆ ಅದೊಂದೇ ಕಾರಣಕ್ಕೆ ಬದಲಾಯಿಸಬೇಡಿ.

ದುಡ್ಡಿನ ಲೆಕ್ಕ ಬೇರೆ ಬೇರೆ. ಟ್ಯಾಲಿ ಲೈಸೆನ್ಸ್ ಒಮ್ಮೆ ಕೊಂಡರೆ ನಮ್ಮದೇ, ಅಪ್‌ಡೇಟ್ ಬೇಕಾದರೆ ಟಿಎಸ್‌ಎಸ್ (ಟ್ಯಾಲಿ ಸಾಫ್ಟ್‌ವೇರ್ ಸರ್ವಿಸಸ್) ಅನ್ನುವ ಚಂದಾ ರಿನ್ಯೂ ಮಾಡಿಸಬೇಕು. ಜೋಹೊಗೆ ತಿಂಗಳ ಅಥವಾ ವರ್ಷದ ಚಂದಾ.

ಅಂಗಡಿಗೆ ಟ್ಯಾಲಿಯನ್ನೇ ಉಳಿಸಿಕೊಂಡೆವು. ದಿನವಿಡೀ ಊರು ಸುತ್ತುವ ತಮ್ಮನ ಪ್ಲಂಬಿಂಗ್ ಸರ್ವಿಸ್‌ಗೆ ಜೋಹೊ ತಗೊಂಡೆವು. ಇಬ್ಬರೂ ಖುಷಿಯಾಗಿದ್ದೇವೆ.